ಸುಬೇದಾರ್ ಅಜ್ಜನ ರೇಷನ್ ಕಾರ್ಡು

ನಮ್ಮ ಕಡೆ ಮಿಲ್ಟ್ರಿಯಿಂದ ಊರಿಗೆ ಮರಳಿದವರನ್ನೆಲ್ಲ ‘ಸುಬೇದಾರ್’ ಅಂತಲೇ ಕರೆಯುತ್ತಾರೆ. ಅವರು ಸಿಪಾಯಿಯಾಗಿ ಸೇರಿ ಸಿಪಾಯಿಯಾಗಿಯೇ ಬಂದಿರಬಹುದು, ನಾಯಕ್ ಆಗಿರಬಹುದು, ಅಡುಗೆಮನೆಯಲ್ಲೇ ಸರ್ವೀಸು ಮುಗಿಸಿರಬಹುದು. ಊರಿಗೆ ಅದರ ಲೆಕ್ಕವಿಲ್ಲ. ಗುಡಿಯ ಕಟ್ಟೆಯ ಮೇಲೆ ಅವರಿಗೊಂದು ಜಾಗ, ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ ಒಂದು ಕುರ್ಚಿ, ಕೊರಳಿಗೊಂದು ಹಾರ, ಓಣಿಯಲ್ಲಿ ಜಗಳವಾದರೆ ಬಿಡಿಸಲು ಮೊದಲ ಕರೆ. ಈ ಮರ್ಯಾದೆಯ ಜೊತೆಗೇ ಒಂದು ನಂಬಿಕೆಯೂ ಅಂಟಿಕೊಂಡು ಬರುತ್ತದೆ. ಮಿಲ್ಟ್ರಿಯವರು ಅಂದಮೇಲೆ ಪೆನ್ಶನ್ ಇದ್ದೇ ಇರುತ್ತದೆ, ಕ್ಯಾಂಟೀನ್ ಇದ್ದೇ ಇರುತ್ತದೆ, ಅವರಿಗೇನು ಕಡಿಮೆ?

ಬಹಳಷ್ಟು ಜನರ ವಿಷಯದಲ್ಲಿ ಇದು ನಿಜ. ಕೆಲವರ ವಿಷಯದಲ್ಲಿ ಅಲ್ಲ. ಆ ಕೆಲವರ ಮನೆಯ ಹಿಟ್ಟಿನ ಡಬ್ಬಿಯ ಬಗ್ಗೆ ಈ ಬರಹ.

ನಾವು ಮೂವರು ಒಂದೇ ಊರಿನವರು, ಒಂದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರು. ಊರು ಬಯಲುಸೀಮೆಯದು, ಹೆಸರು ಬರೆಯುವುದಿಲ್ಲ. ತನ್ನ ಕಥೆ ಬರೆಯಲು ಅಜ್ಜ ಒಪ್ಪಿದ್ದೇ ಆ ಷರತ್ತಿನ ಮೇಲೆ. ಅವರು ನಮ್ಮ ಓಣಿಯ ಸುಬೇದಾರ್ ಅಜ್ಜ. ಎಂಬತ್ತರ ಹತ್ತಿರ ವಯಸ್ಸು. ಎರಡೆಕರೆ ಒಣಭೂಮಿ. ಮಗಳನ್ನು ಕೊಟ್ಟದ್ದು ದೂರದ ಊರಿಗೆ. ಮಗ ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಕೆಲಸ ಸಿಕ್ಕ ತಿಂಗಳು ದುಡ್ಡು ಕಳಿಸುತ್ತಾನೆ. ಮನೆಯಲ್ಲಿ ಅಜ್ಜ ಮತ್ತು ಅಜ್ಜಿ ಇಬ್ಬರೇ.

ಒಂದು ದಿನ ಅಜ್ಜಿ ನಮ್ಮನ್ನು ಕರೆದು, ರೇಷನ್ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿಲ್ಲ, ಕಾರ್ಡು ನಡೆಯುವುದಿಲ್ಲ ಅನ್ನುತ್ತಾನೆ, ನಿಮ್ಮ ಮೊಬೈಲಿನಲ್ಲಿ ನೋಡಿ ಅಂದರು. ನೋಡಿದೆವು. ಯಾವುದೋ ಪರಿಶೀಲನೆಯ ಸುತ್ತಿನಲ್ಲಿ ಬಿಪಿಎಲ್ ಇದ್ದದ್ದು ಎಪಿಎಲ್ ಆಗಿತ್ತು. ಎರಡು ತಿಂಗಳಿನಿಂದ ಮನೆಗೆ ಅಕ್ಕಿ ಬಂದಿರಲಿಲ್ಲ. ಅಜ್ಜಿ ಪಕ್ಕದ ಮನೆಯವರಿಂದ ಜೋಳ ಕಡ ತಂದು ದಿನ ನೂಕಿದ್ದರು. ಅಜ್ಜನಿಗೆ ಆ ಸಾಲದ ವಿಷಯ ಗೊತ್ತಿರಲಿಲ್ಲ.

ತಾಲೂಕು ಕೇಂದ್ರದ ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ಒರಟಾಗಿ ಮಾತಾಡಲಿಲ್ಲ. ಕಂಪ್ಯೂಟರಿನಲ್ಲಿ ನೋಡಿ ಸಮಾಧಾನದಿಂದಲೇ ಹೇಳಿದರು: “ಅವ್ರು ಮಿಲ್ಟ್ರಿಯವ್ರಲ್ಲೇನ್ರೀ? ಪೆನ್ಶನ್ ಬರತಿರತೈತಿ. ಪೆನ್ಶನ್ ಇದ್ದವ್ರಿಗೆ ಬಿಪಿಎಲ್ ಹೆಂಗ ಕೊಡೂದು?”

ಅವರ ಮಾತಿನ ಹಿಂದೆ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಡಿಸಿ ಇಡುತ್ತೇವೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಏಳನೇ ವೇತನ ಆಯೋಗದ ನಂತರ ಕೇಂದ್ರದ ಕನಿಷ್ಠ ಪಿಂಚಣಿ ತಿಂಗಳಿಗೆ 9,000 ರೂಪಾಯಿ. ಸೈನಿಕರಿಗೂ ಅದೇ ಕನಿಷ್ಠ. ವರ್ಷಕ್ಕೆ 1,08,000 ಆಯಿತು. ಅದರ ಮೇಲೆ ತುಟ್ಟಿಭತ್ಯೆ ಸೇರುತ್ತದೆ. 2024ರ ಜನವರಿಯಲ್ಲಿ ಅದು ಶೇ. 50ಕ್ಕೆ ಮುಟ್ಟಿತು. ಅಂದರೆ ತಿಂಗಳಿಗೆ 13,500, ವರ್ಷಕ್ಕೆ 1,62,000. ಹಾಗಾಗಿ ಪಿಂಚಣಿ ಇರುವ ಅತ್ಯಂತ ಕೆಳದರ್ಜೆಯ ಸೈನಿಕನ ಮನೆಯೂ, ತೀರಿಕೊಂಡ ಸೈನಿಕನ ಕುಟುಂಬ ಪಿಂಚಣಿ ಪಡೆಯುವ ಹೆಂಡತಿಯ ಮನೆಯೂ ಬಿಪಿಎಲ್ ಗೆರೆಯ ಆಚೆಗೇ ಬೀಳುತ್ತದೆ. ಗುಮಾಸ್ತರ ಲೆಕ್ಕ ತಪ್ಪಲ್ಲ. ಅಜ್ಜನಿಗೆ ಪಿಂಚಣಿ ಇದ್ದಿದ್ದರೆ.

ಪಿಂಚಣಿ ಆದೇಶದ ಪ್ರತಿ ಅಥವಾ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಕೊಡಿ, ಎಷ್ಟು ಬರುತ್ತದೆ ನೋಡೋಣ ಅಂತ ಅಜ್ಜನ ಮುಂದೆ ಕೂತು ಕೇಳಿದೆವು. ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಅಜ್ಜಿ ಒಳಗಿನಿಂದಲೇ, “ಹೇಳ್ರಿ ಈಗರ” ಅಂದರು.

“ಒಂಬತ್ತು ವರ್ಷಕ್ಕ ಬಂದೆ ತಮ್ಮಾ. ಪೆನ್ಶನ್ನಿಗೆ ಹದಿನೈದು ತುಂಬಬೇಕು. ನನಗ ಒಂದ್ ರೂಪಾಯಿ ಪೆನ್ಶನ್ ಇಲ್ಲ.”

ಸೇರಿದ್ದು 1964ರಲ್ಲಿ. ಅದಕ್ಕೂ ಎರಡು ವರ್ಷ ಮುಂಚೆ ಚೀನಾ ಯುದ್ಧ ಆಗಿತ್ತು, ಸೇನೆಯನ್ನು ದೊಡ್ಡದು ಮಾಡಲು ಎಲ್ಲ ಕಡೆ ಭರ್ತಿ ನಡೆದಿತ್ತು. ಹದಿನೆಂಟರ ಹುಡುಗ ಬಸ್ಸು ಹತ್ತಿ ಹೋಗಿ ಸಾಲಿನಲ್ಲಿ ನಿಂತ, ಎತ್ತರ ಸರಿಯಿತ್ತು, ಎದೆ ಸರಿಯಿತ್ತು. ಎರಡು ಯುದ್ಧಗಳ ಕಾಲದಲ್ಲಿ, 1965ರಲ್ಲೂ 1971ರಲ್ಲೂ ಸಮವಸ್ತ್ರದಲ್ಲಿದ್ದರು. 1972ರಲ್ಲಿ ನಮ್ಮ ಕಡೆ ಭೀಕರ ಬರ ಬಿತ್ತು. ಊರಿನಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ತಮ್ಮಂದಿರು ಸಣ್ಣವರು, ಎತ್ತು ಮಾರಿಯಾಗಿತ್ತು. ಮನೆಯ ಪರಿಸ್ಥಿತಿ ಬರೆದು, ಬಿಡುಗಡೆ ಕೇಳಿ ಅರ್ಜಿ ಕೊಟ್ಟರು. 1973ರಲ್ಲಿ ಬಿಡುಗಡೆಯಾಯಿತು. ಕೈಗೆ ಸಿಕ್ಕ ಅಲ್ಪ ಹಣ ಒಂದು ಜೋಡಿ ಎತ್ತಿಗೂ ಅಪ್ಪನ ಔಷಧಕ್ಕೂ ಹೋಯಿತು. ಮನೆಯವರ ಹೊಟ್ಟೆ ತುಂಬಿಸಲು ಅವರು ಸೇನೆ ಬಿಟ್ಟು ಬಂದರು. ಅದೇ ಕಾರಣಕ್ಕೆ ಈಗ ಪಿಂಚಣಿ ಇಲ್ಲ.

ಅಷ್ಟಾದರೂ ಐವತ್ತು ವರ್ಷ ಊರಿಗೆ ಇದು ಗೊತ್ತಾಗದಿದ್ದದ್ದು ಹೇಗೆ? ಅಜ್ಜ ಎಪ್ಪತ್ತು ದಾಟುವವರೆಗೂ ಪಟ್ಟಣದ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ರಾತ್ರಿ ಕಾವಲು ಕಾಯುತ್ತಿದ್ದರು. ತಿಂಗಳ ಮೊದಲ ವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂಬಳಕ್ಕೆ ಹೋಗುತ್ತಿದ್ದರು. ಸುಬೇದಾರ್ರು ಪೆನ್ಶನ್ ತರಲು ಹೊರಟರು ಅಂತ ಓಣಿಯವರು ಅಂದುಕೊಂಡರು. ಅಜ್ಜ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: “ಪೆನ್ಶನ್ ಇಲ್ಲ ಅಂತ ಊರಾಗ ಗೊತ್ತಾದ್ರ, ಪಲ್ಟನ್ ಬಿಟ್ಟು ಓಡಿ ಬಂದಾನ ಅಂತಾರ.”

ಈ ಮಾತನ್ನು ನಾವು ಆಮೇಲೆ ಬಹಳ ಸಲ ಯೋಚಿಸಿದ್ದೇವೆ. ಬಡವನೊಬ್ಬ ಬಡವ ಅಂತ ಹೇಳಿಕೊಳ್ಳುವುದೇ ಕಷ್ಟ. ಇಲ್ಲಿ ಅದರ ಮೇಲೆ ಇನ್ನೊಂದು ಭಾರ. ಬಡತನ ಹೇಳಿಕೊಂಡರೆ ಯೋಧ ಅನ್ನುವ ಹೆಸರಿಗೇ ಮಸಿ ಹತ್ತುತ್ತದೆ ಅನ್ನುವ ಭಯ. ಊರು ಕೊಟ್ಟ ಮರ್ಯಾದೆಯನ್ನು ಉಳಿಸಿಕೊಳ್ಳಲು ಅಜ್ಜ ಬಾಯಿ ಮುಚ್ಚಿಕೊಂಡರು. ಅದೇ ಮರ್ಯಾದೆ ಕಂಪ್ಯೂಟರಿನಲ್ಲಿ ‘ಪಿಂಚಣಿದಾರ’ ಅಂತ ಕೂತು ಅವರ ಅಕ್ಕಿಯನ್ನು ನಿಲ್ಲಿಸಿತು.

ಇನ್ನು ಸರ್ಕಾರದ ಕಡೆಯಿಂದ ಇಂಥವರಿಗೆ ಏನಿದೆ ಅಂತ ಹುಡುಕಲು ಕೂತೆವು. ಹುಡುಕುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಅನ್ನ ಕೊಡುವ ಇಲಾಖೆಗೆ ಸೈನಿಕ ಅಂದರೆ ಯಾರು ಅಂತ ಗೊತ್ತಿಲ್ಲ. ಸೈನಿಕರನ್ನು ನೋಡಿಕೊಳ್ಳುವ ಇಲಾಖೆಯ ಬಳಿ ಅನ್ನದ ಲೆಕ್ಕವಿಲ್ಲ.

ಮೊದಲು ಅನ್ನದ ಕಡೆಯಿಂದ ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಹಳ್ಳಿಗಳ ಶೇ. 75ರಷ್ಟು, ಪಟ್ಟಣಗಳ ಶೇ. 50ರಷ್ಟು ಜನರವರೆಗೆ ಧಾನ್ಯದ ಹಕ್ಕು ಕೊಡುತ್ತದೆ. ಆದ್ಯತಾ ಕುಟುಂಬಕ್ಕೆ ತಿಂಗಳಿಗೆ ತಲೆಗೆ 5 ಕೆಜಿ. ಅಂತ್ಯೋದಯ ಕುಟುಂಬಕ್ಕೆ, ಎಷ್ಟೇ ಜನರಿದ್ದರೂ, 35 ಕೆಜಿ. 2023ರ ಜನವರಿಯಿಂದ ಈ ಧಾನ್ಯ ಪೂರ್ತಿ ಉಚಿತ. ನಮ್ಮ ರಾಜ್ಯದಲ್ಲಿ 2013ರಿಂದ ಅನ್ನಭಾಗ್ಯವೂ ಇದರ ಜೊತೆ ಸೇರಿದೆ. ಇದರಲ್ಲಿ ಮಾಜಿ ಸೈನಿಕರಿಗೆ ಅಂತ ಪ್ರತ್ಯೇಕ ಪಾಲು ಇಲ್ಲ. ಅಂತ್ಯೋದಯಕ್ಕೆ ಯಾರನ್ನು ಸೇರಿಸಬೇಕು ಅನ್ನುವ ಪಟ್ಟಿಯಲ್ಲಿ ಭೂಮಿಯಿಲ್ಲದ ಕೂಲಿಕಾರರಿದ್ದಾರೆ, ವಿಧವೆಯರಿದ್ದಾರೆ, ಅಂಗವಿಕಲರಿದ್ದಾರೆ, ಆಸರೆಯಿಲ್ಲದ ಅರವತ್ತು ದಾಟಿದವರಿದ್ದಾರೆ. ಸುಬೇದಾರ್ ಅಜ್ಜ ಈ ಬಾಗಿಲಿನಿಂದ ಒಳಗೆ ಹೋಗಬಹುದು, ಆದರೆ ಮುದುಕನಾಗಿ ಮಾತ್ರ. ಸೈನಿಕ ಅಂತ ಹೇಳಿಕೊಂಡರೆ ಈ ಬಾಗಿಲಲ್ಲಿ ಲಾಭವಿಲ್ಲ. ನಮ್ಮ ಅಜ್ಜನ ವಿಷಯದಲ್ಲಿ ನಷ್ಟವೇ ಆಯಿತು.

ಸೈನಿಕರ ಕಡೆಯ ಬಾಗಿಲಿಗೆ ಬಂದರೆ, ಊರವರ ಬಾಯಲ್ಲಿ ಮೊದಲು ಬರುವುದು ಕ್ಯಾಂಟೀನ್. 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಇಲಾಖೆಯ ಅಂಗಡಿಗಳು ಇವು. ನಮ್ಮ ಕಡೆ ಕ್ಯಾಂಟೀನ್ ಅಂದರೆ ಬಾಟಲಿ ಅಂತಲೇ ಎಲ್ಲರೂ ನಗುತ್ತಾರೆ. ಆದರೆ ಅಲ್ಲಿ ಎಣ್ಣೆ, ಸೋಪು, ಚಹಾಪುಡಿ, ಬೇಳೆ ಎಲ್ಲ ಸಿಗುತ್ತದೆ, ಹೊರಗಿನ ದರಕ್ಕಿಂತ ಕಡಿಮೆಗೆ. ಅಲ್ಲಿ ಸಿಗುವುದು ರಿಯಾಯಿತಿ, ಸಹಾಯಧಾನ್ಯ ಅಲ್ಲ. ಕಾರ್ಡು ಬೇಕು, ಕೈಯಲ್ಲಿ ಕಾಸು ಬೇಕು, ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಬಸ್ ಚಾರ್ಜು ಬೇಕು. ಕಾಸಿಲ್ಲದವನಿಗೆ ಅರ್ಧ ಬೆಲೆಯ ಬೇಳೆಯೂ ದುಬಾರಿಯೇ.

ನಿಜವಾಗಿ ಅಜ್ಜನಂಥವರಿಗೆ ಅಂತಲೇ ಇರುವ ನೆರವು ಇನ್ನೊಂದಿದೆ, ಅದರ ಹೆಸರು ನಮ್ಮ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಪೆನ್ಯುರಿ ಗ್ರಾಂಟ್ ಅನ್ನುತ್ತಾರೆ. ಕಡುಬಡತನದ ಅನುದಾನ ಅನ್ನಬಹುದು. ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ ಕೊಡುತ್ತದೆ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಾಗಿರಬೇಕು, ಪಿಂಚಣಿ ಇರಬಾರದು, ವಯಸ್ಸು 65 ದಾಟಿರಬೇಕು. ಅಂಥ ಸೈನಿಕ ತೀರಿಕೊಂಡಿದ್ದರೆ ಅವರ ಹೆಂಡತಿಗೂ ಸಿಗುತ್ತದೆ. 2017ರಿಂದ ಇದು ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ಅಕ್ಟೋಬರಿನಲ್ಲಿ ರಕ್ಷಣಾ ಸಚಿವಾಲಯ ಇದನ್ನು 8,000ಕ್ಕೆ ಏರಿಸಿತು. ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಈ ಹೊಸ ಮೊತ್ತ.

ಮತ್ತೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 8,000 ಅಂದರೆ ವರ್ಷಕ್ಕೆ 96,000. ಅದೊಂದೇ ಬಂದರೆ ಬಿಪಿಎಲ್ ಗೆರೆಯಾದ 1.20 ಲಕ್ಷದ ಒಳಗೇ ಇರುತ್ತದೆ. ಅಂದರೆ ಸರ್ಕಾರವೇ ಕಡುಬಡವ ಅಂತ ಒಪ್ಪಿಕೊಂಡ ಮಾಜಿ ಸೈನಿಕನೊಬ್ಬನಿಗೆ ರೇಷನ್ ಅಕ್ಕಿಯೂ ಸಲ್ಲಬೇಕು. ಎರಡೂ ಸೇರಿದರೆ ಇಬ್ಬರು ಮುದುಕರ ಊಟ, ಮಾತ್ರೆ, ಹಾಲು ಹೇಗೋ ನಡೆಯುತ್ತದೆ. ಒಂದೇ ಇದ್ದರೆ ನಡೆಯುವುದಿಲ್ಲ. ಅಕ್ಕಿ ಇದ್ದರೂ ಅದರ ಜೊತೆಗೆ ಬೇಳೆ, ಎಣ್ಣೆ, ಗ್ಯಾಸು ಬೇಕಲ್ಲ.

ಈ ಅನುದಾನದ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿದುಕೊಳ್ಳಬೇಕಾದ ಮಾತು. ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ. ಪ್ರತಿ ಡಿಸೆಂಬರ್ 7ರಂದು, 1949ರಿಂದ, ಧ್ವಜ ದಿನ ನಡೆಯುತ್ತಿದೆ. ಶಾಲೆಯಲ್ಲಿದ್ದಾಗ ನಮ್ಮ ಅಂಗಿಗೂ ಮಾಸ್ತರರು ಗುಂಡುಪಿನ್ನಿನಿಂದ ಸಣ್ಣ ಕಾಗದದ ಧ್ವಜ ಚುಚ್ಚಿ ಡಬ್ಬಿಗೆ ಕಾಸು ಹಾಕಿಸಿಕೊಳ್ಳುತ್ತಿದ್ದರು. ಆ ಕಾಸು ಎಲ್ಲಿಗೆ ಹೋಗುತ್ತದೆ ಅಂತ ಅವರು ಹೇಳಲಿಲ್ಲ. ಶಾಲೆಯ ಪಕ್ಕದ ಮನೆಯ ಅಜ್ಜನಿಗೆ ಸಲ್ಲಬಹುದಾದ ದುಡ್ಡು ಅದು.

ಅಜ್ಜನಿಗೆ ಇದನ್ನೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. ಕಾರ್ಡು ಸರಿ ಮಾಡಿಸುವುದಾದರೆ ಮಾಡಿಸಿ, ಅದು ಎಲ್ಲರಿಗೂ ಕೊಡುವ ಅಕ್ಕಿ. ಈ ಅನುದಾನ ಬೇಡ ಅಂದರು. “ಸರ್ವೀಸು ಮಾಡಿದ್ದು ಭಿಕ್ಷಾ ಬೇಡಾಕಲ್ಲ.” ಎರಡು ವಾರ ಹೀಗೇ ಹೋಯಿತು. ಕೊನೆಗೆ ಅವರನ್ನು ಎಬ್ಬಿಸಿದ್ದು ಅಜ್ಜಿ. ಒಲೆಯ ಮುಂದೆ ಕೂತವರು ತಿರುಗಿಯೂ ನೋಡದೆ ಅಂದರು: “ನಿಮ್ಮ ಮರ್ಯಾದಿ ಕುದಿಸಿ ಸಾರು ಮಾಡ್ಲೇನು?” ಮರುದಿನ ಅಜ್ಜ ಟ್ರಂಕು ತೆಗೆದರು.

ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಇತ್ತು. ಸೈನಿಕನ ಬಿಡುಗಡೆಯ ಪುಸ್ತಕ ಅದು. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲ ಅದರಲ್ಲಿರುತ್ತದೆ. ಇದಿಲ್ಲದೆ ಸೈನಿಕ ಕಚೇರಿಯಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅಜ್ಜನ ಪುಸ್ತಕ ಒಂದು ಮಳೆಗಾಲದಲ್ಲಿ ನೆನೆದು ಒಳಗಿನ ಹಾಳೆಗಳು ಅಂಟಿಕೊಂಡಿದ್ದವು. ಓದಲು ಬರುತ್ತಿದ್ದದ್ದು ಅರ್ಧ ಮಾತ್ರ. ಅದರಲ್ಲಿದ್ದ ಹೆಸರು ಇಂಗ್ಲಿಷಿನಲ್ಲಿ, ಅಪ್ಪನ ಹೆಸರು ಸೇರಿಸಿ ಬರೆದದ್ದು. ಆಧಾರ್ ಕಾರ್ಡಿನಲ್ಲಿ ಮನೆತನದ ಅಡ್ಡಹೆಸರು. ಹುಟ್ಟಿದ ದಿನ ಎರಡರಲ್ಲೂ ಬೇರೆ ಬೇರೆ. ನಮ್ಮ ಹಳ್ಳಿಗಳಲ್ಲಿ ಆ ವಯಸ್ಸಿನ ಯಾರ ಕಾಗದ ತೆಗೆದರೂ ಇದೇ ಕಥೆ.

ಜಿಲ್ಲಾ ಕೇಂದ್ರದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇರುತ್ತದೆ. ಅಜ್ಜನನ್ನು ಕರೆದುಕೊಂಡು ಹೋದೆವು. ಐವತ್ತು ವರ್ಷದಲ್ಲಿ ಅವರು ಅಲ್ಲಿ ಹೆಸರು ನೋಂದಾಯಿಸಿಯೇ ಇರಲಿಲ್ಲ. ಕಾಗದ ನೋಡಿದವರೂ ಸೇನೆಯಿಂದ ಬಂದವರೇ. ಹಾಳಾದ ಪುಸ್ತಕ ತಿರುವಿ ಹಾಕಿ, “ಸರ್ವೀಸ್ ನಂಬರ್ ನೆನಪೈತೇನ್ರಿ?” ಅಂತ ಕೇಳಿದರು. ಅಜ್ಜ ಎದ್ದು ನಿಂತರು. ನೆಟ್ಟಗೆ ನಿಂತು ನಂಬರು, ದರ್ಜೆ, ಹೆಸರು ಒಂದೇ ಉಸಿರಿನಲ್ಲಿ ಹಿಂದಿಯಲ್ಲಿ ಹೇಳಿದರು. ಎಷ್ಟೋ ದಿನ ನಿನ್ನೆ ಏನು ಉಂಡೆ ಅನ್ನುವುದೂ ಅವರಿಗೆ ನೆನಪಿರುವುದಿಲ್ಲ. ಕೇಳಿದವರು ಕುರ್ಚಿ ಹಿಂದೆ ಸರಿಸಿ, “ಕೂಡ್ರಿ ಸಾಹೇಬ್ರ” ಅಂದರು.

ಆ ನಂಬರಿನಿಂದ ಕೆಲಸ ಮುಂದೆ ಸಾಗಿತು. ಪುಸ್ತಕ ಹಾಳಾಗಿದ್ದರೆ, ಕಳೆದಿದ್ದರೆ, ಜಿಲ್ಲಾ ಕಚೇರಿಯ ಮೂಲಕ ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆದು ಸೇವೆಯ ವಿವರ ತರಿಸಬಹುದು. ಹೆಸರಿನ ವ್ಯತ್ಯಾಸಕ್ಕೆ ಅಫಿಡವಿಟ್ ಆಯಿತು. ಒಂದು ಎಚ್ಚರಿಕೆ ಇದೆ: ಯಾರನ್ನು ‘ಮಾಜಿ ಸೈನಿಕ’ ಅನ್ನಬೇಕು ಎಂಬ ವ್ಯಾಖ್ಯೆ ಯಾವ ಕಾಲದಲ್ಲಿ, ಯಾವ ಕಾರಣಕ್ಕೆ ಬಿಡುಗಡೆಯಾಯಿತು ಅನ್ನುವುದರ ಮೇಲೆ ಬದಲಾಗುತ್ತದೆ. ಒಂದೇ ಊರಿನ ಇಬ್ಬರು ಒಂಬತ್ತೊಂಬತ್ತು ವರ್ಷ ಸೇವೆ ಮಾಡಿದ್ದರೂ ಒಬ್ಬರಿಗೆ ಗುರುತಿನ ಚೀಟಿ ಸಿಕ್ಕು ಇನ್ನೊಬ್ಬರಿಗೆ ಸಿಗದಿರಬಹುದು. ಅದಕ್ಕೇ ಊರಲ್ಲಿ ಕೂತು ಆಗುವುದಿಲ್ಲ ಅಂತ ತೀರ್ಮಾನಿಸುವುದಕ್ಕಿಂತ ಕಚೇರಿಗೆ ಹೋಗಿ ಪುಸ್ತಕ ತೋರಿಸುವುದು ಒಳ್ಳೆಯದು. ಅಜ್ಜನಿಗೆ ಗುರುತಿನ ಚೀಟಿ ಸಿಕ್ಕಿತು.

ಈ ಓಡಾಟದಲ್ಲಿ ನಮಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಒಂದು ಸಾದಾ ಪತ್ರ. ಈ ವ್ಯಕ್ತಿ ಮಾಜಿ ಸೈನಿಕರು, ಇವರಿಗೆ ಸೇವಾ ಪಿಂಚಣಿ ಇಲ್ಲ ಅಂತ ಬರೆದ ಪತ್ರ. ಅದನ್ನು ತಾಲೂಕು ಕಚೇರಿಯಲ್ಲಿ ಕೊಟ್ಟಾಗ ಅದೇ ಗುಮಾಸ್ತರು ಓದಿ, “ಪೆನ್ಶನ್ ಇಲ್ಲದ ಮಿಲ್ಟ್ರಿಯವ್ರೂ ಇರತಾರೇನ್ರಿ?” ಅಂದರು. ಅರ್ಜಿ ತೆಗೆದುಕೊಂಡರು. ಸ್ಥಳ ಪರಿಶೀಲನೆಗೆ ಬಂದವರು ಎರಡು ಕೋಣೆಯ ಮನೆ, ಅಟ್ಟದ ಮೇಲಿನ ಖಾಲಿ ಚೀಲ ನೋಡಿಕೊಂಡು ಹೋದರು. ಕಾರ್ಡು ಬಿಪಿಎಲ್‌ಗೆ ಮರಳಲು ಮೂರು ತಿಂಗಳಾಯಿತು. ಅಷ್ಟೂ ದಿನದ ಅಕ್ಕಿ ಹೋದದ್ದು ಹೋಯಿತು, ಅದನ್ನು ಹಿಂದಕ್ಕೆ ಯಾರೂ ಕೊಡಲಿಲ್ಲ. ಅನುದಾನದ ಅರ್ಜಿ ಜಿಲ್ಲೆಯಿಂದ ಶಿಫಾರಸಾಗಿ ಹೋಗಿದೆ. ಇದನ್ನು ಬರೆಯುವ ಹೊತ್ತಿಗೆ ಹಣ ಬಂದಿಲ್ಲ.

ಸೈನಿಕ ಅನ್ನುವ ಗುರುತನ್ನು ಆಹಾರ ಕಾಯ್ದೆಯಲ್ಲೇ ಬರೆದ ದೇಶವಿದೆಯೇ ಅಂತ ನೋಡಿದೆವು. ಅಮೆರಿಕದಲ್ಲಿ ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕಾರ್ಡಿಗೆ ಹಣ ಹಾಕುವ ‘ಸ್ನ್ಯಾಪ್’ ಅನ್ನುವ ಯೋಜನೆ ಇದೆ. ಅವಲಂಬಿತರಿಲ್ಲದ, ಕೆಲಸ ಮಾಡಬಲ್ಲ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸವನ್ನೋ ತರಬೇತಿಯನ್ನೋ ತೋರಿಸದಿದ್ದರೆ ಅವರಿಗೆ ಮೂರು ವರ್ಷದಲ್ಲಿ ಮೂರೇ ತಿಂಗಳು ಈ ನೆರವು. 2023ರ ಕಾನೂನೊಂದು ಮಾಜಿ ಸೈನಿಕರಿಗೆ ಈ ಷರತ್ತಿನಿಂದ ವಿನಾಯಿತಿ ಕೊಟ್ಟಿತು. 2025ರ ಜುಲೈನಲ್ಲಿ ಸಹಿಯಾದ ಇನ್ನೊಂದು ಕಾನೂನು ಅದನ್ನು ಕಿತ್ತುಹಾಕಿತು. ಎರಡೇ ವರ್ಷದಲ್ಲಿ ಕೊಟ್ಟದ್ದೂ ಆಯಿತು, ಕಸಿದದ್ದೂ ಆಯಿತು. ಸೈನಿಕ ಅಂತ ಒಂದು ಸಾಲು ಬರೆದ ಮಾತ್ರಕ್ಕೆ ಊಟ ಖಾತ್ರಿಯಾಗುವುದಿಲ್ಲ ಅನ್ನುವುದು ಅದರಿಂದ ತಿಳಿಯಿತು. ನಮ್ಮಲ್ಲಿ ಧಾನ್ಯದ ಹಕ್ಕು ಎಲ್ಲ ಬಡವರಿಗೂ ಒಂದೇ ಆಗಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಆ ಹಕ್ಕಿನಿಂದ ಒಬ್ಬನನ್ನು ಹೊರಗಿಡುವ ಮುಂಚೆ ಅವನಿಗೆ ನಿಜವಾಗಿ ಪಿಂಚಣಿ ಇದೆಯೇ ಅಂತ ಕೇಳುವುದು ಮಾತ್ರ ಬಾಕಿ.

ಇದು ಹಳೆಯ ಕಾಲದ ಮುದುಕರ ಸಮಸ್ಯೆ, ಇನ್ನು ಹತ್ತು ವರ್ಷದಲ್ಲಿ ತಾನಾಗಿಯೇ ಮುಗಿಯುತ್ತದೆ ಅಂತ ಯಾರಾದರೂ ಹೇಳಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಊರಿನ ಮೈದಾನದಲ್ಲಿ ಬೆಳಗಿನ ಜಾವ ಓಡುವ ಹುಡುಗರು ಈಗ ಸೇರುವುದು ಅಗ್ನಿವೀರರಾಗಿ. 2022ರ ಜೂನ್‌ನಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಶೇ. 25ರವರೆಗೆ ಮಾತ್ರ ಮುಂದುವರಿಸಿಕೊಳ್ಳುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ಆಗ ಪ್ರಕಟಿಸಿದ ಷರತ್ತುಗಳ ಪ್ರಕಾರ ಅವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ತುಂಬುತ್ತದೆ.

ಅವರಲ್ಲಿ ಹೆಚ್ಚಿನವರು ಬೇರೆ ಕೆಲಸ ಹಿಡಿಯುತ್ತಾರೆ, ಚೆನ್ನಾಗಿಯೇ ಬದುಕುತ್ತಾರೆ ಅಂತ ನಾವೂ ಹಾರೈಸುತ್ತೇವೆ. ಆದರೆ ಊರಿನ ಅಭ್ಯಾಸ ಹಾಗೆಲ್ಲ ಬದಲಾಗುವುದಿಲ್ಲ. ಬಸ್ಸಿನಿಂದ ಇಳಿದ ದಿನವೇ ಅವರೂ ಸುಬೇದಾರ್ರು ಆಗುತ್ತಾರೆ. ಅವರಿಗೂ ಪೆನ್ಶನ್ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಅವರಲ್ಲೊಬ್ಬನ ಕೈಯಲ್ಲಿದ್ದ ದುಡ್ಡು ತಂಗಿಯ ಮದುವೆಗೋ ಅಪ್ಪನ ಆಪರೇಷನ್ನಿಗೋ ಹೋದ ಮೇಲೆ, ಅಜ್ಜ 1973ರಲ್ಲಿ ಮಾಡಿದಂತೆ ಅವನೂ ಸುಮ್ಮನಿದ್ದುಬಿಡಬಹುದು. ಈಗಿನ ನಿಯಮದಲ್ಲಿ ಮಾಜಿ ಸೈನಿಕರ ಕಡುಬಡತನದ ಅನುದಾನಕ್ಕೂ ಅವನು ಸೇರುವುದಿಲ್ಲ. ಅವನಿಗೆ ಉಳಿಯುವುದು ರೇಷನ್ ಕಾರ್ಡೊಂದೇ. ಅದಕ್ಕೇ ಆ ಕಾರ್ಡಿನ ಕಚೇರಿಯಲ್ಲಿ ‘ಮಿಲ್ಟ್ರಿಯವ್ರಲ್ಲೇನ್ರೀ’ ಅನ್ನುವ ಒಂದು ಮಾತಿಗೆ ಬಾಗಿಲು ಮುಚ್ಚಬಾರದು.

ನಿಮ್ಮ ಊರಿನಲ್ಲೂ ಒಬ್ಬ ಸುಬೇದಾರ್ ಅಜ್ಜ ಇರಬಹುದು, ಅಥವಾ ಅಂಥವರ ಹೆಂಡತಿ ಒಬ್ಬರೇ ಇರಬಹುದು. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಕೇಳಬೇಡಿ. ಮನೆಗೆ ಹೋಗಿ, ಚಹಾ ಕುಡಿದು, ಮೆಲ್ಲಗೆ ಕೇಳಿ: ಎಷ್ಟು ವರ್ಷ ಸರ್ವೀಸ್ ಆಯಿತು? ಪೆನ್ಶನ್ ಬರುತ್ತದೆಯೇ? ಬರುವುದಿಲ್ಲ ಅಂದರೆ ಡಿಸ್ಚಾರ್ಜ್ ಬುಕ್ ಎಲ್ಲಿದೆ? ಅದು ಹಾಳಾಗಿದ್ದರೂ ಎಸೆಯಲು ಬಿಡಬೇಡಿ. ಸರ್ವೀಸ್ ನಂಬರ್ ಬರೆದುಕೊಳ್ಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ, 65 ದಾಟಿದ್ದರೆ ಅನುದಾನಕ್ಕೆ ಅರ್ಜಿ ಹಾಕಿ. ಪಿಂಚಣಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ. ರೇಷನ್ ಕಾರ್ಡು ರದ್ದಾಗಿದ್ದರೆ ಆ ಪತ್ರ ಹಚ್ಚಿ ಆಹಾರ ಇಲಾಖೆಗೆ ಮರುಅರ್ಜಿ ಕೊಡಿ. ಅಲ್ಲಿ ಕೆಲಸವಾಗದಿದ್ದರೆ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಜಿಲ್ಲೆಯಲ್ಲಿ ಕುಂದುಕೊರತೆ ಪರಿಹಾರ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ.

ಪುಸ್ತಕದ ಇಂಗ್ಲಿಷ್ ಓದಲು, ಅರ್ಜಿ ತುಂಬಲು, ಕಚೇರಿಗೆ ಜೊತೆಗೆ ಬರಲು ಜನ ಬೇಕಿದ್ದರೆ ನಮಗೆ ಬರೆಯಿರಿ. ಹೆಸರು, ಊರು ಯಾವುದನ್ನೂ ಇಲ್ಲಿ ಹಾಕುವುದಿಲ್ಲ. ಅಜ್ಜನಿಗೆ ಕೊಟ್ಟ ಮಾತು ಅವರಿಗೂ ಅನ್ವಯಿಸುತ್ತದೆ.